ಗದ್ದೆಗೆ ಬರುವ ಬಲೀಂದ್ರ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಹಳ್ಳಿಗಳಲ್ಲಿ ದೀಪಾವಳಿಯೆಂದರೆ ಬೇಸಾಯಗಾರರ ಹಬ್ಬ. ಅದರ ನಾಯಕ ಬಲಿ ಚಕ್ರವರ್ತಿ. ವಾಮನನಿಗೆ ಮೂರು ಹೆಜ್ಜೆ ನೆಲವನ್ನು ದಾನವಿತ್ತು ಪಾತಾಳಕ್ಕಿಳಿದ ಬಲಿ ವರ್ಷಕ್ಕೊಮ್ಮೆ ತನ್ನ ನಾಡನ್ನು ನೋಡಲು ಬರುತ್ತಾನೆಂಬುದು ಇಲ್ಲಿನವರ ನಂಬಿಕೆ.

ಈ ನಂಬಿಕೆ ಕರಾವಳಿಗಷ್ಟೇ ಸೀಮಿತವಲ್ಲ, ಇತ್ತೀಚಿನದೂ ಅಲ್ಲ. ಸುಮಾರು 1030ರಲ್ಲಿ ಭಾರತದ ಕುರಿತು ಗ್ರಂಥ ಬರೆದ ಅಲ್‌ಬಿರೂನಿ, ಈ ಹಬ್ಬಕ್ಕೆ 'ಬಲಿರಾಜ್ಯ' ಎಂಬ ಹೆಸರೂ ಇರುವುದನ್ನು ದಾಖಲಿಸಿದ್ದಾನೆ. ಲಕ್ಷ್ಮಿಯೇ ಬಲಿಯನ್ನು ಆ ಒಂದು ದಿನ ಸೆರೆಯಿಂದ ಬಿಡಿಸುತ್ತಾಳೆಂಬ ಕಥೆಯನ್ನೂ ಹೇಳಿದ್ದಾನೆ.

ನರಕ ಚತುರ್ದಶಿಯ ಮುನ್ನಾದಿನ ಸಂಜೆ ಬಚ್ಚಲ ಹಂಡೆಗೆ ಹಿಂಡ್ಲೆ ಬಳ್ಳಿ ಸುತ್ತಿ ನೀರು ತುಂಬುತ್ತಾರೆ. ಬೆಳಗಿನ ಜಾವ ಎಣ್ಣೆಸ್ನಾನ. ಪಾಡ್ಯದಂದು ದನಕರುಗಳನ್ನು ಮೀಯಿಸಿ, ಮೈಗೆ ಅಚ್ಚೊತ್ತಿ, ಹೂಮಾಲೆ ಹಾಕಿ ಗೋಪೂಜೆ ಮಾಡುತ್ತಾರೆ. ಕತ್ತಲಾದ ಮೇಲೆ ಗದ್ದೆಗೆ ಹೋಗಿ, ಎಣ್ಣೆಯಲ್ಲಿ ನೆನೆದ ಬಟ್ಟೆ ಸುತ್ತಿದ ಕೋಲನ್ನು ನೆಟ್ಟು ಉರಿಸಿ, ಹೂವು, ಅವಲಕ್ಕಿ ಇಟ್ಟು, 'ಹೊಲಿ' ಕೊಡುವಂತೆ ಬಲೀಂದ್ರನನ್ನು ಕೂಗಿ ಕರೆಯುತ್ತಾರೆ.

'ಹೊಲಿ' ಎಂದರೆ ಸಮೃದ್ಧಿ. ತುಳುವಿನಲ್ಲಿ ಇದೇ ಪದ 'ಪೊಲಿ'. ಹಳಗನ್ನಡದ 'ಪಾಲು' ಹೊಸಗನ್ನಡದಲ್ಲಿ 'ಹಾಲು' ಆದಂತೆಯೇ ಇದೂ.

ಪುರಾಣದಲ್ಲಿ ಬಲಿ ಸೋತವನು. ಆದರೆ ಬೆಳೆ ಬೇಡುವ ಹೊತ್ತಿಗೆ ರೈತ ನೆನೆಯುವುದು ಅವನನ್ನೇ. ಕೊಟ್ಟಿಗೆ ಬರಿದಾಗಿ, ಗದ್ದೆ ಹಡಿಲು ಬಿದ್ದ ಕಡೆ ಈ ಕೂಗು ಕ್ಷೀಣಿಸಿದೆ. ಜಗಲಿಯ ಸಾಲುದೀಪ ಪೇಟೆಯ ಮನೆಯಲ್ಲೂ ಉಳಿದೀತು. ಬಲೀಂದ್ರನ ದೀಪಕ್ಕೆ ಮಾತ್ರ ಉತ್ತು ಬೆಳೆದ ಗದ್ದೆಯೇ ಬೇಕು.