ಪೈಲಟ್ ಬೇಸ್ ಮತ್ತು ದೂರದೂರಿನಿಂದ ಓಡಾಟ (ಅಮೆರಿಕ)

ಪೈಲಟ್‌ನ ಕರ್ತವ್ಯ ಆರಂಭವಾಗಿ ಕೊನೆಗೊಳ್ಳುವ ವಿಮಾನ ನಿಲ್ದಾಣವೇ ಅವರ ಬೇಸ್. ಅಮೆರಿಕದ ವಿಮಾನ ಸಂಸ್ಥೆಗಳಲ್ಲಿ ಅದು ಹಂಚಿಕೆಯಾಗುವುದು ಸೇವಾ ಹಿರಿತನದ ಮೇಲೆ. ಹಾಗಾಗಿ ಹಿರಿಯರು ಒಲ್ಲದ, ಬಾಡಿಗೆ ದುಬಾರಿಯಾದ ನ್ಯೂಯಾರ್ಕ್‌ನಂಥ ಊರು ಹೊಸಬರ ಪಾಲಿಗೆ ಬರುವುದು ಸಾಮಾನ್ಯ. ಮನೆ ಬದಲಿಸದವರು ವಿಮಾನದ ಕಾಕ್‌ಪಿಟ್‌ನ ಹೆಚ್ಚುವರಿ ಆಸನವಾದ ಜಂಪ್‌ಸೀಟ್‌ನಲ್ಲೋ ಖಾಲಿ ಉಳಿದ ಸೀಟಿನಲ್ಲೋ ಕುಳಿತು ಕೆಲಸಕ್ಕೆ ಬರುತ್ತಾರೆ. ಹಲವರು ಸೇರಿ ಹಿಡಿದ ಕ್ರ್ಯಾಶ್‌ಪ್ಯಾಡ್ ಎಂಬ ಬಾಡಿಗೆ ಮನೆಯಲ್ಲಿ ತಂಗುತ್ತಾರೆ. ಹೊಸಬರಿಗೆ ಸಾಮಾನ್ಯವಾಗಿ ಮೊದಲು ಸಿಗುವುದು ರಿಸರ್ವ್ ಪಾಳಿ. ಕರೆ ಬಂದ ಕೆಲವೇ ಗಂಟೆಗಳಲ್ಲಿ ಹಾಜರಾಗಬೇಕಾದ್ದರಿಂದ, ಹಾರಾಟವಿಲ್ಲದಿದ್ದರೂ ದೂರದೂರಿನವರ ಆ ದಿನಗಳು ಮನೆಯಿಂದ ದೂರವೇ ಕಳೆಯುತ್ತವೆ. ಕೆಲಸ ಒಪ್ಪುವಾಗ ಸಂಬಳಕ್ಕಿಂತ ಮೊದಲು ನೋಡಬೇಕಾದದ್ದು ಮನೆಯಿಂದ ದೂರವಿರುವ ಈ ದಿನಗಳ ಲೆಕ್ಕ.

ಇಂಥ ಓಡಾಟದ ದಣಿವು ಚರ್ಚೆಗೆ ಬಂದದ್ದು ಒಂದು ಅಪಘಾತದ ನಂತರ. 2009ರ ಫೆಬ್ರವರಿ 12ರಂದು ಬಫಲೊ ಬಳಿ ಕೋಲ್ಗನ್ ಏರ್ ಸಂಸ್ಥೆಯ 3407 ಸಂಖ್ಯೆಯ ವಿಮಾನ ಪತನಗೊಂಡು 50 ಮಂದಿ ಸತ್ತರು. ಅದರ ಸಹಪೈಲಟ್ ಹಿಂದಿನ ರಾತ್ರಿಯಿಡೀ ಪ್ರಯಾಣಿಸಿ, ಸಿಯಾಟಲ್‌ನಿಂದ ಮೆಂಫಿಸ್ ಮೂಲಕ ನ್ಯೂವಾರ್ಕ್‌ ಬೇಸ್ ತಲುಪಿದ್ದರು. ತನಿಖೆ ಮುಖ್ಯ ಕಾರಣವೆಂದು ಗುರುತಿಸಿದ್ದು ಹಾರಾಟದಲ್ಲಿ ಕ್ಯಾಪ್ಟನ್ ಮಾಡಿದ ತಪ್ಪನ್ನು. ಆದರೂ ಪೈಲಟ್‌ಗಳ ದಣಿವು ದೇಶದ ಚರ್ಚೆಯಾಯಿತು. 2014ರ ಜನವರಿಯಲ್ಲಿ ಜಾರಿಗೆ ಬಂದ ನಿಯಮ ಹಾರಾಟದ ಕರ್ತವ್ಯಕ್ಕೆ ಮುನ್ನ 10 ಗಂಟೆಗಳ ವಿಶ್ರಾಂತಿಯನ್ನು ಕಡ್ಡಾಯ ಮಾಡಿತು. ಮನೆಯಿಂದ ಬೇಸ್‌ಗೆ ಬರುವ ಹೊತ್ತನ್ನು ಮಾತ್ರ ಅದು ಕರ್ತವ್ಯವೆಂದು ಎಣಿಸುವುದಿಲ್ಲ. ದಣಿಯದೆ ಹಾಜರಾಗುವ ಹೊಣೆ ಪೈಲಟ್‌ನದೇ.