ಅನ್ನ ಮೊದಲು, ಅಕ್ಷರ ಆಮೇಲೆ

ಛತ್ರಪತಿ ಸಂಭಾಜಿನಗರದ (2023ರವರೆಗೆ ಔರಂಗಾಬಾದ್) ಪನ್‌ಚಕ್ಕಿಯನ್ನು ಪ್ರವಾಸಿಗರು ನೀರಿನ ಚಮತ್ಕಾರವೆಂದು ನೋಡಿ ಬರುತ್ತಾರೆ. ಊರಾಚೆಯ ಬುಗ್ಗೆಯ ನೀರು ನೆಲದಡಿಯ ಮಣ್ಣಿನ ಕೊಳವೆಗಳಲ್ಲಿ ಮೈಲಿಗಟ್ಟಲೆ ಹರಿದು ಬಂದು, ಎತ್ತರದ ಗೋಡೆಯೇರಿ ಕೊಳಕ್ಕೆ ಧುಮುಕುತ್ತದೆ. ಆ ನೀರಿನ ಬಲಕ್ಕೆ ಕೆಳಗಿನ ಚಕ್ರ ತಿರುಗಿ, ಅದರ ಮೇಲಿನ ಬೀಸುಕಲ್ಲು ಉರುಳುತ್ತಿತ್ತು. ಹದಿನೆಂಟನೆಯ ಶತಮಾನದ ಈ ಗಿರಣಿ ಇರುವುದು ಬಾಬಾ ಶಾ ಮುಸಾಫಿರರ ದರ್ಗಾದ ಆವರಣದಲ್ಲಿ. ಅಲ್ಲಿ ತಂಗುತ್ತಿದ್ದ ಫಕೀರರು, ದಾರಿಹೋಕರು, ಓದಲು ಬಂದವರು ಇವರಿಗೆಲ್ಲ ಬೇಕಾದ ಹಿಟ್ಟು ಇಲ್ಲಿಯೇ ಬೀಸಿಹೋಗುತ್ತಿತ್ತು. ಪಕ್ಕದಲ್ಲೇ ಗ್ರಂಥಭಂಡಾರವೂ ಇತ್ತು. ದಾನ ಕೊಟ್ಟವರು ಪುಸ್ತಕದ ಜೊತೆಗೆ ರೊಟ್ಟಿಯ ವ್ಯವಸ್ಥೆಯನ್ನೂ ಮಾಡಿದ್ದರು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ವಿದ್ಯಾದಾನದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಶಾಲೆ ಕಟ್ಟಿಸಿದವರ, ಲಕ್ಷ ಕೊಟ್ಟವರ ಚರಿತ್ರೆಯಾಗಿ ಬರೆಯುತ್ತೇವೆ. ನಾಸಿಕ್ ಮತ್ತು ಸಂಭಾಜಿನಗರದ ಕಥೆ ಹೇಳುವುದೇ ಬೇರೆ. ಯಾರು ಓದಿದರು, ಯಾರು ಓದಲಿಲ್ಲ ಎಂಬುದನ್ನು ಈ ಎರಡು ಊರುಗಳಲ್ಲಿ ತೀರ್ಮಾನಿಸಿದ್ದು ಶಾಲೆಯ ಬಾಗಿಲಿಗಿಂತ ಹೆಚ್ಚಾಗಿ ಅಡುಗೆಮನೆಯ ಬಾಗಿಲು.

ಹಿಂದಿನ ವ್ಯವಸ್ಥೆ ನಮಗೆ ಚೆನ್ನಾಗಿ ಗೊತ್ತಿರುವಂಥದ್ದೇ: ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಉಂಡು ಓದಿ ದೊಡ್ಡವರಾದವರ ಆತ್ಮಕಥನಗಳು ಕನ್ನಡದಲ್ಲೂ ಇವೆ, ಮರಾಠಿಯಲ್ಲೂ ಇವೆ. ಗೋದಾವರಿ ತೀರದ ನಾಸಿಕ್‌ನಂಥ ಕ್ಷೇತ್ರದಲ್ಲಿ ಇದು ಹುಲುಸಾಗಿಯೇ ನಡೆದಿತ್ತು. ಪಾಠಶಾಲೆಗಳಿದ್ದವು, ಯಾತ್ರಿಕರ ದಾನಧರ್ಮವಿತ್ತು; ಪೇಶ್ವೆಯವರ ಕಾಲದಲ್ಲಿ ಶ್ರಾವಣ ಮಾಸದಲ್ಲಿ ಪುಣೆಗೆ ಹೋದರೆ ವಿದ್ವಾಂಸರಿಗೆ ದಕ್ಷಿಣೆ ಸಿಗುತ್ತಿತ್ತು. 1818ರಲ್ಲಿ ಆಳ್ವಿಕೆ ಕೈಗೆ ಬಂದ ಮೇಲೆ ಕಂಪನಿ ಸರ್ಕಾರ ಈ ದಕ್ಷಿಣೆಯ ಹಣದಲ್ಲಿ ಒಂದು ಪಾಲನ್ನು ತಿರುಗಿಸಿ 1821ರಲ್ಲಿ ಪುಣೆಯ ಸಂಸ್ಕೃತ ಪಾಠಶಾಲೆಗೆ ಕೊಟ್ಟಿತು. ಬಡ ಬ್ರಾಹ್ಮಣ ಹುಡುಗನಿಗೆ ಹಸಿವಿತ್ತು, ಅವಮಾನವೂ ಇತ್ತು, ಒಪ್ಪೋಣ. ಆದರೆ ಅವನು ತಟ್ಟಬಹುದಾದ ಏಳು ಬಾಗಿಲುಗಳಾದರೂ ಇದ್ದವು. ಹತ್ತಿರದ ನಿಫಾಡ್ ಅಥವಾ ದಿಂಡೋರಿಯ ಒಕ್ಕಲಿನ ಹುಡುಗ ಹೈಸ್ಕೂಲಿಗೆಂದು ನಾಸಿಕ್‌ಗೆ ಬಂದರೆ ಅವನಿಗೆ ಒಂದು ಬಾಗಿಲೂ ಇರಲಿಲ್ಲ. ರೈತರ ಬೆವರಿನ ಕಂದಾಯದಿಂದ ಮೇಲಿನವರ ಮಕ್ಕಳ ಓದು ನಡೆಯುತ್ತಿದೆ ಎಂದು ಜೋತಿರಾವ್ ಫುಲೆ 1882ರಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆ ಹೇಳಿದ್ದರ ಹಿಂದೆ ಇದ್ದುದು ಈ ಲೆಕ್ಕ. ನಿಜವಾದ ದಾನಿ ಕಂದಾಯ ಕಟ್ಟುವವನು. ಫಲ ಉಣ್ಣುತ್ತಿದ್ದವನು ಬೇರೆ.

1914ರಲ್ಲಿ ನಾಸಿಕ್‌ನಲ್ಲಿ ಹುಟ್ಟಿದ ಮರಾಠಾ ವಿದ್ಯಾ ಪ್ರಸಾರಕ ಸಮಾಜ ಕಾಲೇಜಿನ ಕನಸು ಕಾಣುವ ಮೊದಲು ಬೋರ್ಡಿಂಗ್ ತೆರೆಯಿತು ಎಂಬುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ರಾವ್‌ಸಾಹೇಬ್ ಥೋರಾತ್, ಗಣಪತದಾದಾ ಮೋರೆ, ಕಾಕಾಸಾಹೇಬ್ ವಾಘ್, ಭಾವುಸಾಹೇಬ್ ಹಿರೇ, ಅಣ್ಣಾಸಾಹೇಬ್ ಮುರ್ಕುಟೆ ಮೊದಲಾದ ಕಾರ್ಯಕರ್ತರ ಕೈಯಲ್ಲಿ ಬೆಳೆದ ಸಂಸ್ಥೆಯಿದು. ಫುಲೆಯವರ ಸತ್ಯಶೋಧಕ ವಿಚಾರದ ಗಾಳಿ ಅದರ ಮೇಲೆ ಬೀಸಿತ್ತು. ಉದಾಜಿ ಮರಾಠಾ ಬೋರ್ಡಿಂಗ್ ಎಂಬ ಹೆಸರು ಧಾರ್ ಸಂಸ್ಥಾನದ ಪವಾರ್ ಅರಸುಮನೆತನದ್ದು. ಅದರ ಕಟ್ಟಡಕ್ಕೆ 1920ರಲ್ಲಿ ಅಡಿಗಲ್ಲು ಇಟ್ಟವರು ಕೊಲ್ಹಾಪುರದ ಶಾಹು ಮಹಾರಾಜರು. 1901ರಿಂದಲೇ ತಮ್ಮ ರಾಜಧಾನಿಯಲ್ಲಿ ಮರಾಠರಿಗೆ, ಜೈನರಿಗೆ, ಲಿಂಗಾಯತರಿಗೆ, ಮುಸ್ಲಿಮರಿಗೆ, ಅಸ್ಪೃಶ್ಯರಿಗೆ ಒಂದೊಂದಾಗಿ ವಸತಿಗೃಹಗಳನ್ನು ನಿಲ್ಲಿಸುತ್ತ ಬಂದಿದ್ದ ಅವರಿಗೆ ಈ ಕೆಲಸದ ಮರ್ಮ ಗೊತ್ತಿತ್ತು. ಬೋರ್ಡಿಂಗ್ ಎಂದರೆ ವಾರಾನ್ನವನ್ನು ಮನೆಗಳ ಕೃಪೆಯಿಂದ ಬಿಡಿಸಿ ಸಂಸ್ಥೆಯ ಖರ್ಚಿಗೆ ಹಾಕುವುದು. ಉಣ್ಣುವ ಹುಡುಗ ಯಾವ ಯಜಮಾನಿಯ ಮುಖವನ್ನೂ ನೋಡಬೇಕಿಲ್ಲ.

ಹಾಗಾದರೆ ದೊಡ್ಡ ದಾನಿಗಳ ಪಾತ್ರ ಇಲ್ಲವೆ ಎಂದು ಕೇಳಬಹುದು. ಇದೆ. ಗೋಪಾಲಕೃಷ್ಣ ಗೋಖಲೆಯವರ ಹೆಸರಿನಲ್ಲಿ 1918ರಲ್ಲಿ ಪ್ರಿನ್ಸಿಪಾಲ್ ಟಿ. ಎ. ಕುಲಕರ್ಣಿ ಕಟ್ಟಿದ ಗೋಖಲೆ ಎಜುಕೇಷನ್ ಸೊಸೈಟಿ 1924ರಲ್ಲಿ ನಾಸಿಕ್‌ಗೆ ಕಾಲೇಜು ತಂದಿತು. ಅದರ ಫಲಕದ ಮೇಲೆ ಇರುವುದು ಹಂಸರಾಜ್ ಪ್ರಾಗ್ಜಿ ಠಾಕರ್ಸಿ ಎಂಬ ಹೆಸರು. ವ್ಯಾಪಾರದ ಹಣವಿಲ್ಲದೆ ಇಂಥ ಕಾಲೇಜುಗಳು ಏಳುತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ 1947ರಲ್ಲಿ ಭೂಮರಡ್ಡಿ ಹೆಸರಿನ ಎಂಜಿನಿಯರಿಂಗ್ ಕಾಲೇಜು ಎದ್ದದ್ದೂ ಹೀಗೆಯೇ. ಆದರೆ ಕಟ್ಟಡಕ್ಕೆ ಕೊಟ್ಟ ದಾನ, ಆ ಕಟ್ಟಡದವರೆಗೆ ನಡೆದು ಬರಬಲ್ಲವರಿಗೆ ಮಾತ್ರ ದಕ್ಕುತ್ತದೆ. ಇದಕ್ಕೆ ಅಂಬೇಡ್ಕರ್ ಅವರ ಬದುಕಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. 1913ರಲ್ಲಿ ಬರೋಡದ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡ್ ವಿದ್ಯಾರ್ಥಿವೇತನ ಕೊಟ್ಟು ಅವರನ್ನು ಕೊಲಂಬಿಯಾಕ್ಕೆ ಕಳಿಸಿದರು. ಆ ಕಾಲದ ಅತ್ಯುತ್ತಮ ವಿದ್ಯಾದಾನವೆಂದರೆ ಅದೇ. ಓದಿ ಬಂದು 1917ರಲ್ಲಿ ಅದೇ ಬರೋಡದಲ್ಲಿ ಚಾಕರಿಗೆ ನಿಂತಾಗ ಅವರಿಗೆ ತಂಗಲು ಒಂದು ಕೋಣೆ ಸಿಗಲಿಲ್ಲ; ಪಾರ್ಸಿ ವಸತಿಗೃಹದಿಂದ ಹೊರಹಾಕಿದರು. ವಿದ್ಯಾರ್ಥಿವೇತನ ಕೊಡಲು ಒಬ್ಬ ಅರಸ ಸಾಕು, ಕೋಣೆ ಕೊಡಲು ಒಂದು ಊರೇ ಒಪ್ಪಬೇಕು. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆ ಕಟ್ಟಿದ ಅಂಬೇಡ್ಕರ್ ಮರುವರ್ಷವೇ ಸೊಲ್ಲಾಪುರದಲ್ಲಿ ವಿದ್ಯಾರ್ಥಿನಿಲಯ ತೆರೆದದ್ದು, ಆ ದಶಕ ಮುಗಿಯುವಷ್ಟರಲ್ಲಿ ನಮ್ಮ ಧಾರವಾಡದಲ್ಲೂ ಒಂದು ನಿಲಯ ನಡೆಸಿದ್ದು ಕಾಕತಾಳೀಯವಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಜಾತಿಗೊಂದು ಬೋರ್ಡಿಂಗ್ ಕಟ್ಟಿ ಜಾತಿಯನ್ನೇ ಗಟ್ಟಿ ಮಾಡಿದಂತಾಗಲಿಲ್ಲವೆ? ಆಯಿತು, ಸ್ವಲ್ಪ ಮಟ್ಟಿಗೆ. ಅಲ್ಲಿ ಬೆಳೆದ ಗೆಳೆತನಗಳು ಮುಂದೆ ಸಹಕಾರಿ ಸಂಘಗಳಲ್ಲಿ, ಚುನಾವಣೆಗಳಲ್ಲಿ ಜಾತಿಯ ಬಣಗಳಾಗಿ ಕೆಲಸ ಮಾಡಿದವು. ಇದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಆದರೆ ಆಗಿನ ನಾಸಿಕ್ ಹೇಗಿತ್ತು? ಯಾತ್ರಿಕರಿಗೆ ಧರ್ಮಶಾಲೆಗಳು ಸಾಲುಗಟ್ಟಿದ್ದ ಊರದು. ಅದೇ ಊರಿನ ಕಾಳಾರಾಮ ದೇವಸ್ಥಾನದೊಳಗೆ ಹೋಗಲು ದಲಿತರು 1930ರ ಮಾರ್ಚಿನಲ್ಲಿ ಸತ್ಯಾಗ್ರಹ ಹೂಡಬೇಕಾಯಿತು. ವರ್ಷಗಟ್ಟಲೆ ನಡೆದರೂ ಬಾಗಿಲು ತೆರೆಯಲಿಲ್ಲ; ಕೊನೆಗೆ ಇದೇ ಜಿಲ್ಲೆಯ ಯೇವಲೆಯಲ್ಲಿ 1935ರ ಅಕ್ಟೋಬರಿನಲ್ಲಿ ಅಂಬೇಡ್ಕರ್ ತಾವು ಹಿಂದೂವಾಗಿ ಸಾಯುವುದಿಲ್ಲವೆಂದು ಸಾರಿದರು. ಇಂಥ ಊರಿನಲ್ಲಿ ‘ಎಲ್ಲರಿಗೂ ಒಂದೇ ಛತ್ರ’ ಎಂಬ ಸೂತ್ರಕ್ಕೆ ಕಾದು ಕೂತಿದ್ದರೆ ಎರಡು ತಲೆಮಾರು ಓದದೆ ಕಳೆದುಹೋಗುತ್ತಿತ್ತು.

ಮರಾಠವಾಡದ ಪರಿಸ್ಥಿತಿ ಇನ್ನೂ ಬಿಗಿ. ನಿಜಾಮರ ರಾಜ್ಯದಲ್ಲಿ ಉನ್ನತ ಶಿಕ್ಷಣವೆಂದರೆ 1918ರ ಉಸ್ಮಾನಿಯಾ, ಅಲ್ಲಿಯ ಮಾಧ್ಯಮ ಉರ್ದು. ಔರಂಗಾಬಾದ್‌ಗೆ 1923ರಲ್ಲಿ ಇಂಟರ್‌ಮೀಡಿಯೆಟ್ ಕಾಲೇಜು ಬಂತು. ಮನೆಮಾತಿನ ಶಾಲೆಗಳನ್ನು ಜನ ತಾವೇ ಕಟ್ಟಿಕೊಳ್ಳಬೇಕಿತ್ತು: ಇಲ್ಲಿ ಸರಸ್ವತಿ ಭುವನ, ಅದೇ ರಾಜ್ಯದ ಕಲಬುರಗಿಯಲ್ಲಿ 1907ರ ನೂತನ ವಿದ್ಯಾಲಯ. ಇಂಥ ನೆಲದಲ್ಲಿ, 1945ರಲ್ಲಿ ತಾವು ಸ್ಥಾಪಿಸಿದ ಪೀಪಲ್ಸ್ ಎಜುಕೇಷನ್ ಸೊಸೈಟಿಯ ಮೂಲಕ ಅಂಬೇಡ್ಕರ್ 1950ರ ಜೂನಿನಲ್ಲಿ ಔರಂಗಾಬಾದ್‌ನಲ್ಲಿ ಕಾಲೇಜು ತೆರೆದರು; ಮರುವರ್ಷ ಸೆಪ್ಟೆಂಬರ್ 1ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಕಟ್ಟಡಕ್ಕೆ ಅಡಿಗಲ್ಲು ಹಾಕಿದರು. ಕಾಲೇಜಿಗೆ ಬಂದ ಹೆಸರು ಯಾವ ಸೇಠ್‌ನದೂ ಅಲ್ಲ, ಭಿಕ್ಷು ನಾಗಸೇನನ ಮುಂದೆ ಕೂತು ಪ್ರಶ್ನೆ ಕೇಳಿದ ಅರಸ ಮಿಲಿಂದನದು, ಆವರಣ ನಾಗಸೇನವನವಾಯಿತು. ಮೊದಲ ಪ್ರಾಂಶುಪಾಲ ಎಂ. ಬಿ. ಚಿಟ್ನಿಸ್. ಬೀಡ, ಪರಭಣಿ, ನಾಂದೇಡ್ ಕಡೆಯ ಹಳ್ಳಿಗಳ ಹುಡುಗರು ಅದುವರೆಗೆ ಯಾವ ಶಹರದಲ್ಲೂ ಕಾಣದ ಸೌಕರ್ಯ ಇಲ್ಲಿ ಕಂಡರು: ತರಗತಿಯ ಹತ್ತಿರವೇ ಮಲಗುವ ಜಾಗ, ಕೇಳದೆ ಸಿಗುವ ಊಟ. ಮರಾಠಿಯ ದಲಿತ ಸಾಹಿತ್ಯದ ಮೊದಲ ಗಟ್ಟಿ ನೆಲೆಗಳಲ್ಲಿ ಒಂದು ಇದೇ ಆವರಣ. ಇಲ್ಲಿ ಪಾಠ ಹೇಳುತ್ತಿದ್ದ ಗಂಗಾಧರ ಪಾನತಾವಣೆ ‘ಅಸ್ಮಿತಾದರ್ಶ’ ಪತ್ರಿಕೆಯನ್ನು ಇದೇ ಊರಿನಿಂದ ದಶಕಗಳ ಕಾಲ ನಡೆಸಿದರು. ಈ ಕಾಲೇಜಿಗೆ ಹೈದರಾಬಾದ್ ಸರ್ಕಾರದ ಪರಿಶಿಷ್ಟ ಜಾತಿಗಳ ನಿಧಿಯಿಂದ ಸಾಲ ಸಿಕ್ಕಿತ್ತಲ್ಲ, ಹಾಗಿದ್ದ ಮೇಲೆ ಇದನ್ನು ದಾನವೆನ್ನುವುದು ಹೇಗೆ ಎಂಬ ಪ್ರಶ್ನೆ ಬರುತ್ತದೆ. ನನ್ನ ಉತ್ತರ: ದಾನ ಮತ್ತು ಸರ್ಕಾರಿ ಹಣ ಎಂಬ ಗೆರೆ ಇಲ್ಲಿ ಯಾವತ್ತೂ ಸ್ಪಷ್ಟವಾಗಿರಲಿಲ್ಲ. ಧಾರ್‌ನ, ಕೊಲ್ಹಾಪುರದ, ಬರೋಡದ ಅರಸರು ಕೊಟ್ಟದ್ದೂ ರಾಜ್ಯದ ಬೊಕ್ಕಸದ್ದೇ, ಅಂದರೆ ಫುಲೆ ಹೇಳಿದ ಆ ರೈತನದ್ದೇ. ಆ ಹಣ ಯಾರ ತಟ್ಟೆಗೆ ತಲುಪಿತು ಎಂದಷ್ಟೇ ಕೇಳಬೇಕು.

ರಫೀಕ್ ಝಕಾರಿಯಾ 1963ರಲ್ಲಿ ಇಲ್ಲಿ ಮೌಲಾನಾ ಆಝಾದ್ ಕಾಲೇಜು ತೆರೆಯುವ ಹೊತ್ತಿಗೂ ಕೊಡುವುದು ಎಂದರೆ ಮೇಲಿನಿಂದ ಕೆಳಕ್ಕೆ ಇಳಿಯುವುದು ಎಂಬ ಅರ್ಥವೇ ಉಳಿದಿತ್ತು. 1983ರಲ್ಲಿ ಮಹಾರಾಷ್ಟ್ರ ಸರ್ಕಾರ ಅನುದಾನರಹಿತ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಿಗೆ ದಾರಿ ಬಿಟ್ಟ ಮೇಲೆ ಅದು ತಲೆಕೆಳಗಾಯಿತು: ಕೊಡುವವನು ಸೀಟು ಕೊಳ್ಳುವ ಅಪ್ಪ, ಪಡೆಯುವುದು ಸಂಸ್ಥೆ. ಕ್ಯಾಪಿಟೇಷನ್ ಶುಲ್ಕದ ವಿರುದ್ಧ ಕರ್ನಾಟಕ 1984ರಲ್ಲಿ, ಮಹಾರಾಷ್ಟ್ರ 1987ರಲ್ಲಿ ಕಾಯ್ದೆ ಮಾಡಬೇಕಾಯಿತು. ಬೋರ್ಡಿಂಗ್‌ಗಳಾಗಿ ಶುರುವಾದ ಸಂಸ್ಥೆಗಳು ಈಗ ವೈದ್ಯಕೀಯ ಕಾಲೇಜುಗಳನ್ನೂ ನಡೆಸುತ್ತವೆ, ಬೆಳೆದದ್ದು ತಪ್ಪಲ್ಲ. ಆದರೆ ಶತಮಾನೋತ್ಸವದ ಸ್ಮರಣ ಸಂಚಿಕೆಗಳಲ್ಲಿ ಕಟ್ಟಡಗಳ ಫೋಟೋಗಳಿಗೆ ಸಿಗುವಷ್ಟು ಪುಟ ಅಡುಗೆಮನೆಗೆ ಸಿಗುವುದಿಲ್ಲ. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲೋ ಸಿದ್ಧಗಂಗೆಯಲ್ಲೋ ಉಂಡು ಓದಿದವರು ನಮ್ಮಲ್ಲಿ ಸಾವಿರಾರು ಮಂದಿ ಇದ್ದಾರೆ. ತಾವು ಓದಿದ ಕಾಲೇಜಿಗೆ ಏನಾದರೂ ಕೊಡಬೇಕೆಂದು ಅವರು ಹೊರಟಾಗ ಹೊಸ ಸಭಾಂಗಣಕ್ಕೆ ಬರೆಯುವ ಚೆಕ್ಕನ್ನು ವಿದ್ಯಾರ್ಥಿನಿಲಯದ ಊಟದ ಖರ್ಚಿಗೆ ಬರೆಯಲಿ.