ವೆಸ್ಟ್‌ಮಿನ್‌ಸ್ಟರ್‌ಗೆ ಬಂದ ಡೂಮಾ: ರಷ್ಯಾದ ಸಂಸದೀಯ ನಿಯೋಗಗಳು, 1906–1916

1906ರ ಜುಲೈ 23ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅರಮನೆಯ ರಾಯಲ್ ಗ್ಯಾಲರಿಯಲ್ಲಿ ಅಂತರ ಸಂಸದೀಯ ಒಕ್ಕೂಟದ ಸಮ್ಮೇಳನ ಆರಂಭವಾಯಿತು. ಬಂದವರಲ್ಲಿ ರಷ್ಯಾದ ಶಾಸನಸಭೆಯಾದ ಡೂಮಾದ ಪ್ರತಿನಿಧಿಗಳೂ ಇದ್ದರು: ನ್ಯಾಯಶಾಸ್ತ್ರದ ವಿದ್ವಾಂಸ ಮಕ್ಸೀಮ್ ಕೊವಲೆವ್‌ಸ್ಕಿ, ಉದಾರವಾದಿ ಫ್ಯೋದರ್ ರೊದಿಚೆವ್, ರೈತರ ಪರ ಗುಂಪಿನ ಅಲೆಕ್ಸಿ ಅಲಾದಿನ್ ಮೊದಲಾದವರು. ರಷ್ಯಾಕ್ಕೆ ಚುನಾಯಿತ ಸಭೆಯೊಂದು ಬಂದು ಮೂರು ತಿಂಗಳೂ ಆಗಿರಲಿಲ್ಲ. ಅದರ ಪರವಾಗಿ ಮಾತಾಡಲು ಬಂದಿದ್ದ ಇವರಿಗೆ ಲಂಡನ್ನಿನಲ್ಲಿ ಸಿಕ್ಕಿದ್ದು ಆ ಸಭೆ ಇಲ್ಲವಾದ ಸುದ್ದಿ. ಡೂಮಾವನ್ನು ವಿಸರ್ಜಿಸುವ ಝಾರ್ ಎರಡನೇ ನಿಕೋಲಸನ ಆಜ್ಞೆ ಹಿಂದಿನ ದಿನವಷ್ಟೇ ಪೀಟರ್ಸ್‌ಬರ್ಗಿನಲ್ಲಿ ಪ್ರಕಟವಾಗಿತ್ತು.

ಸಮ್ಮೇಳನವನ್ನು ಉದ್ಘಾಟಿಸಿದವರು ಬ್ರಿಟನ್ನಿನ ಪ್ರಧಾನಿ ಹೆನ್ರಿ ಕ್ಯಾಂಪ್‌ಬೆಲ್-ಬ್ಯಾನರ್‌ಮನ್. ಹೊಸ ಸಂಸ್ಥೆಗಳ ಎಳೆಯ ವಯಸ್ಸು ಪ್ರಕ್ಷುಬ್ಧವಾಗಿರುವುದುಂಟು, ಡೂಮಾ ಯಾವುದಾದರೂ ರೂಪದಲ್ಲಿ ಮತ್ತೆ ಹುಟ್ಟಿ ಬರುತ್ತದೆ ಎಂದು ಅವರು ಫ್ರೆಂಚಿನಲ್ಲಿ ಹೇಳಿದರು. ಕೊನೆಗೆ, ರಾಜನೊಬ್ಬ ಸತ್ತು ಇನ್ನೊಬ್ಬ ಪಟ್ಟಕ್ಕೆ ಬರುವಾಗ ಫ್ರಾನ್ಸಿನಲ್ಲಿ ಕೂಗುತ್ತಿದ್ದ ಘೋಷಣೆಯ ಮಾದರಿಯಲ್ಲಿ, ಡೂಮಾ ಸತ್ತಿತು, ಡೂಮಾ ಚಿರಾಯುವಾಗಲಿ ಎಂದರು. ಸಭೆ ಕರತಾಡನ ಮಾಡಿತು. ಝಾರ್‌ನ ಸರ್ಕಾರಕ್ಕೆ ಸಿಟ್ಟು ಬಂತು. ಇನ್ನೊಂದು ದೇಶದ ದೊರೆ ಮುಚ್ಚಿದ ಶಾಸನಸಭೆಯ ಪರವಾಗಿ ಅಧಿಕಾರದಲ್ಲಿರುವ ಪ್ರಧಾನಿಯೊಬ್ಬರು ಇಷ್ಟು ಬಿಚ್ಚುಮನಸ್ಸಿನಿಂದ ಮಾತಾಡಿದ ನಿದರ್ಶನ ಆ ಕಾಲದ ರಾಜತಾಂತ್ರಿಕ ಚರಿತ್ರೆಯಲ್ಲಿ ಅಪರೂಪ.

ಆ ವೇದಿಕೆಗೂ ಅದರದೇ ಹಿನ್ನೆಲೆಯಿತ್ತು. ದೇಶಗಳ ನಡುವಿನ ಜಗಳಗಳನ್ನು ಯುದ್ಧದ ಬದಲು ಮಧ್ಯಸ್ಥಿಕೆಯಿಂದ ಬಗೆಹರಿಸಬೇಕೆಂದು ಹೊರಟ ಇಂಗ್ಲೆಂಡಿನ ವಿಲಿಯಂ ರ‍್ಯಾಂಡಲ್ ಕ್ರೀಮರ್ ಮತ್ತು ಫ್ರಾನ್ಸಿನ ಫ್ರೆಡೆರಿಕ್ ಪಾಸಿ 1889ರಲ್ಲಿ ಈ ಒಕ್ಕೂಟವನ್ನು ಕಟ್ಟಿದ್ದರು. ಕ್ರೀಮರ್ ಬಡಗಿ ಕೆಲಸದಿಂದ ಬದುಕು ಆರಂಭಿಸಿ, ಕಾರ್ಮಿಕ ಸಂಘಟನೆಯ ಮೂಲಕ ಕಾಮನ್ಸ್ ಸಭೆ ಸೇರಿದವರು. 1887ರಲ್ಲೇ ಅವರು ಬ್ರಿಟಿಷ್ ಸಂಸದರ ಸಹಿಗಳಿದ್ದ ಮನವಿಯೊಂದನ್ನು ಹಿಡಿದು ಅಮೆರಿಕದ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ಅವರ ಬಳಿಗೆ ನಿಯೋಗ ಒಯ್ದಿದ್ದರು. ರಾಯಭಾರಿಗಳ ದಾರಿಯನ್ನು ಬಿಟ್ಟು ಜನಪ್ರತಿನಿಧಿಗಳೇ ನೇರವಾಗಿ ಮಾತಾಡಬಹುದೆಂಬ ಭರವಸೆ ಅಲ್ಲಿಂದ ಬೆಳೆಯಿತು. 1903ರ ನೊಬೆಲ್ ಶಾಂತಿ ಪ್ರಶಸ್ತಿ ಕ್ರೀಮರ್ ಅವರಿಗೆ ಸಂದಿತು.

ಹಾಗಾದರೆ ಡೂಮಾಕ್ಕೆ ಸ್ವದೇಶದಲ್ಲಿ ಏನು ಬಲವಿತ್ತು? ಬಹಳ ಕಡಿಮೆ. 1905ರ ಕ್ರಾಂತಿಗೆ ಬೆದರಿ ಝಾರ್ ಅದನ್ನು ಕೊಡಲು ಒಪ್ಪಿದ್ದ. ಆದರೆ 1906ರ ಮೇ 10ರಂದು ಅದು ಸೇರುವುದಕ್ಕೆ ನಾಲ್ಕು ದಿನ ಮೊದಲು ಮೂಲ ಶಾಸನಗಳನ್ನು ಹೊರಡಿಸಿ ಅದರ ಕೈ ಕಟ್ಟಿಹಾಕಿದ. ಮಂತ್ರಿಗಳು ಸಭೆಗೆ ಉತ್ತರದಾಯಿಗಳಾಗಿರಲಿಲ್ಲ. ಸಭೆ ಸೇರದಿದ್ದಾಗ 87ನೇ ವಿಧಿಯಡಿ ಆಜ್ಞೆಗಳ ಮೂಲಕವೇ ಆಳಬಹುದಿತ್ತು. ಇವೆಲ್ಲಕ್ಕಿಂತ ನಿರ್ಣಾಯಕವಾದದ್ದು ಹಣ. ಏಪ್ರಿಲ್‌ನಲ್ಲಿ ಝಾರ್‌ನ ಸರ್ಕಾರ 225 ಕೋಟಿ ಫ್ರಾಂಕ್‌ಗಳ ಸಾಲ ಎತ್ತಿತು. ಹೆಚ್ಚಿನ ಪಾಲು ಫ್ರಾನ್ಸಿನದು, ಬ್ರಿಟಿಷ್ ಬ್ಯಾಂಕುಗಳೂ ಕೈಜೋಡಿಸಿದವು. ಬೊಕ್ಕಸ ತುಂಬಿದ ಮೇಲೆ ಸರ್ಕಾರ ಡೂಮಾದ ಮುಖ ನೋಡಬೇಕಾಗಿರಲಿಲ್ಲ. 72 ದಿನಗಳಲ್ಲಿ ಅದನ್ನು ಮುಚ್ಚುವ ಧೈರ್ಯ ಬಂದದ್ದರಲ್ಲಿ ಈ ಸಾಲದ ಪಾತ್ರ ದೊಡ್ಡದು. ಡೂಮಾಕ್ಕಾಗಿ ಚಪ್ಪಾಳೆ ತಟ್ಟಿದ ನಗರದ ಹಣವೇ ಡೂಮಾವನ್ನು ಕಡೆಗಣಿಸಲು ನೆರವಾಗಿತ್ತೆಂಬುದನ್ನು ಈ ಚರಿತ್ರೆ ಬರೆಯುವವರು ಮರೆಯಬಾರದು.

ವಿಸರ್ಜನೆಯನ್ನು ಪ್ರತಿಭಟಿಸಿ ಸುಮಾರು ಇನ್ನೂರು ಸದಸ್ಯರು ಫಿನ್ಲೆಂಡಿನ ವೀಬೊರ್ಗ್‌ಗೆ ಹೋಗಿ, ತೆರಿಗೆ ಕೊಡಬೇಡಿ, ಸೈನ್ಯಕ್ಕೆ ಸೇರಬೇಡಿ ಎಂದು ಜನರಿಗೆ ಕರೆಕೊಟ್ಟರು. ಸಹಿ ಹಾಕಿದವರಿಗೆ ಸೆರೆವಾಸವಾಯಿತು. ಮತ್ತೆ ಚುನಾವಣೆಗೆ ನಿಲ್ಲುವ ಹಕ್ಕೂ ಹೋಯಿತು. ಎರಡನೇ ಡೂಮಾವನ್ನೂ 1907ರ ಜೂನ್‌ನಲ್ಲಿ ಮುಚ್ಚಲಾಯಿತು. ಭೂಮಾಲೀಕರಿಗೆ ಅನುಕೂಲವಾಗುವಂತೆ ಮತದಾನದ ಕಾನೂನನ್ನು ತಿರುಚಿದ ಮೇಲೆ ಆರಿಸಿ ಬಂದದ್ದು ಮೂರನೇ ಡೂಮಾ. ಅದೇ ವರ್ಷದ ಆಗಸ್ಟ್ 31ರಂದು ಬ್ರಿಟನ್ ಮತ್ತು ರಷ್ಯಾ ಪರ್ಷಿಯಾ, ಅಫ್ಘಾನಿಸ್ತಾನ, ಟಿಬೆಟ್ ಕುರಿತು ಒಪ್ಪಂದ ಮಾಡಿಕೊಂಡವು. ಭಾರತದ ವಾಯವ್ಯ ಗಡಿಗೆ ರಷ್ಯಾದಿಂದ ಅಪಾಯವಿದೆಯೆಂಬ ಭಯ ಲಂಡನ್ನನ್ನು ಈ ಒಪ್ಪಂದದತ್ತ ತಳ್ಳಿದ ಮುಖ್ಯ ಕಾರಣಗಳಲ್ಲೊಂದು.

1909ರ ಬೇಸಿಗೆಯಲ್ಲಿ ಬಂದ ಎರಡನೇ ನಿಯೋಗವನ್ನು ಈ ಹಿನ್ನೆಲೆಯಲ್ಲೇ ನೋಡಬೇಕು. ಅದರ ಹಿಂದೆ ಓಡಾಡಿದವರು ಲಿವರ್‌ಪೂಲ್ ವಿಶ್ವವಿದ್ಯಾಲಯದಲ್ಲಿ ರಷ್ಯಾದ ಅಧ್ಯಯನಕ್ಕೆ ನೆಲೆ ಒದಗಿಸಿದ ಇತಿಹಾಸಕಾರ ಬರ್ನಾರ್ಡ್ ಪೇರ್ಸ್. ಡೂಮಾದ ಅಧ್ಯಕ್ಷ ನಿಕೊಲಾಯ್ ಖೊಮ್ಯಾಕೊವ್ ಅವರ ನೇತೃತ್ವದಲ್ಲಿ ಅಲೆಕ್ಸಾಂಡರ್ ಗುಚ್ಕೊವ್ ಅವರಂಥ ಸರ್ಕಾರಕ್ಕೆ ಸಮೀಪದವರೂ, ಪಾವೆಲ್ ಮಿಲ್ಯುಕೊವ್ ಅವರಂಥ ವಿರೋಧ ಪಕ್ಷದವರೂ ಒಟ್ಟಿಗೆ ಬಂದರು. ಸಂಸತ್ ಭವನದ ಭೇಟಿ, ದೊರೆ ಏಳನೇ ಎಡ್ವರ್ಡ್‌ನ ದರ್ಶನ, ಔತಣಗಳು, ಭಾಷಣಗಳು ನಡೆದವು. ಲಂಡನ್ನಿನ ಮೇಯರ್ ಏರ್ಪಡಿಸಿದ ಔತಣದಲ್ಲಿ ಮಿಲ್ಯುಕೊವ್ ಆಡಿದ ಮಾತು ಚರಿತ್ರೆಯಲ್ಲಿ ಉಳಿಯಿತು. ಬಜೆಟ್ಟಿನ ಮೇಲೆ ಹಿಡಿತವಿರುವ ಶಾಸನಸಭೆ ರಷ್ಯಾದಲ್ಲಿ ಇರುವವರೆಗೂ ಅಲ್ಲಿನ ವಿರೋಧ ಪಕ್ಷ ದೊರೆಯ ವಿರೋಧ ಪಕ್ಷವಾಗಿಯೇ ಇರುತ್ತದೆ, ದೊರೆಯ ವಿರುದ್ಧ ನಿಲ್ಲುವುದಿಲ್ಲ ಎಂದರು.

ಈ ಮಾತನ್ನು ಅವರ ದೇಶದ ಎಡಪಂಥೀಯರು ಶರಣಾಗತಿ ಎಂದು ಹಳಿದರು. ಆ ಆರೋಪ ಪೂರ್ತಿ ನ್ಯಾಯವಲ್ಲ. ಸರ್ಕಾರವನ್ನು ಟೀಕಿಸುವವನು ದೇಶದ್ರೋಹಿಯಲ್ಲ ಎಂಬ ಬ್ರಿಟನ್ನಿನ ಸಂಪ್ರದಾಯವನ್ನು ಮಿಲ್ಯುಕೊವ್ ತಮ್ಮ ನಾಡಿಗೆ ಬೇಡುತ್ತಿದ್ದರು. ಲಂಡನ್ನಿನಲ್ಲಿ ನಿಂತು ಪೀಟರ್ಸ್‌ಬರ್ಗಿನೊಡನೆ ಮಾತಾಡುತ್ತಿದ್ದರು. ವಿದೇಶದ ಸಂಸತ್ತೊಂದು ಸಮಾನರೆಂದು ಬರಮಾಡಿಕೊಂಡರೆ ತಮ್ಮ ದೊರೆಯೂ ತಮ್ಮನ್ನು ಗಣನೆಗೆ ತೆಗೆದುಕೊಳ್ಳಬೇಕಾಗುತ್ತದೆ ಎಂಬ ಲೆಕ್ಕ ಆ ನಿಯೋಗದ್ದು. ಲೆಕ್ಕ ತಪ್ಪಿತು. ಇತ್ತ ಆ ದೊರೆಗೂ ಬ್ರಿಟನ್ನಿನಲ್ಲಿ ಎಲ್ಲರ ಸ್ವಾಗತ ಸಿಗಲಿಲ್ಲ. ಆಗಸ್ಟ್‌ನಲ್ಲಿ ನಿಕೋಲಸ್ ತನ್ನ ಹಡಗಿನಲ್ಲಿ ಕೌಸ್ ಬಂದರಿಗೆ ಬಂದಾಗ ಬ್ರಿಟನ್ನಿನ ಕಾರ್ಮಿಕ ಪಕ್ಷ ಬಲವಾಗಿ ಪ್ರತಿಭಟಿಸಿತು. ಅವನು ಲಂಡನ್ನಿಗೆ ಹೋಗಲೇ ಇಲ್ಲ.

ಬರಮಾಡಿಕೊಳ್ಳದ ಸಂಸತ್ತಿನ ಬಗ್ಗೆಯೂ ಹೇಳಬೇಕು. 1908ರ ಜೂನ್‌ನಲ್ಲಿ ರಷ್ಯಾದ ಕರ್ನಲ್ ಲ್ಯಾಖೊವ್‌ನ ಕೈಕೆಳಗಿದ್ದ ಕೊಸಾಕ್ ದಳ ಟೆಹರಾನಿನಲ್ಲಿ ಪರ್ಷಿಯಾದ ಮಜ್ಲಿಸ್ ಕಟ್ಟಡಕ್ಕೆ ಫಿರಂಗಿ ಹಾರಿಸಿತು. ಆ ಸಭೆಯ ಸದಸ್ಯ ಹಸನ್ ತಖೀಜಾದೆ ದೇಶ ಬಿಟ್ಟು, ಕೇಂಬ್ರಿಜ್‌ನ ವಿದ್ವಾಂಸ ಇ. ಜಿ. ಬ್ರೌನ್ ಅವರ ಬೆಂಬಲದಿಂದ ಇಂಗ್ಲೆಂಡಿನಲ್ಲಿ ನ್ಯಾಯ ಕೇಳಿದರು. ಅವರಿಗೆ ಸಹಾನುಭೂತಿ ಸಿಕ್ಕಿತೇ ಹೊರತು ಸರ್ಕಾರದ ನೀತಿ ಬದಲಾಗಲಿಲ್ಲ. 1911ರ ಡಿಸೆಂಬರ್‌ನಲ್ಲಿ ರಷ್ಯಾದ ಅಂತಿಮ ಎಚ್ಚರಿಕೆಯ ಒತ್ತಡದಲ್ಲಿ ಮಜ್ಲಿಸ್ ಮತ್ತೊಮ್ಮೆ ಮುಚ್ಚಿತು. ಅದಾದ ಕೆಲವೇ ವಾರಗಳಲ್ಲಿ, 1912ರ ಆರಂಭದಲ್ಲಿ, ಲಾರ್ಡ್ ವಿಯರ್‌ಡೇಲ್ ಮುಂದಾಳತ್ವದ ಬ್ರಿಟಿಷ್ ನಿಯೋಗ ಡೂಮಾದ ಆತಿಥ್ಯ ಸ್ವೀಕರಿಸಲು ಪೀಟರ್ಸ್‌ಬರ್ಗಿಗೆ ಹೋಯಿತು. ಒಂದು ಸಂಸತ್ತಿಗೆ ಹಾರ, ಇನ್ನೊಂದಕ್ಕೆ ಫಿರಂಗಿ. ಇದು ಆ ಕಾಲದ ಉದಾರವಾದದ ಮೇಲಿನ ಕಳಂಕ.

ಭಾರತದ ಓದುಗರಿಗೆ 1909ರ ಆ ಬೇಸಿಗೆ ಇನ್ನೊಂದು ಕಾರಣಕ್ಕೂ ಮುಖ್ಯ. ಡೂಮಾ ಸದಸ್ಯರು ಔತಣಗಳಲ್ಲಿ ಭಾಷಣ ಮಾಡಿದ ಕೆಲವೇ ದಿನಗಳ ಮೇಲೆ, ಜುಲೈ 10ರಂದು, ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್‌ನ ಭಾರತೀಯರ ಪರವಾಗಿ ಗಾಂಧೀಜಿ ಮತ್ತು ಹಾಜಿ ಹಬೀಬ್ ಲಂಡನ್ನಿಗೆ ಬಂದರು. ಅವರ ನಿಯೋಗದ ಬೆನ್ನಿಗೆ ಯಾವ ಶಾಸನಸಭೆಯೂ ಇರಲಿಲ್ಲ. ತಿಂಗಳುಗಟ್ಟಲೆ ಓಡಾಡಿ ಬರಿಗೈಲಿ ಮರಳುವಾಗ ಹಡಗಿನಲ್ಲಿ ಗಾಂಧೀಜಿ ಬರೆದ ‘ಹಿಂದ್ ಸ್ವರಾಜ್’ ಬ್ರಿಟಿಷ್ ಸಂಸತ್ತನ್ನು ಕಟುವಾಗಿ ಟೀಕಿಸುತ್ತದೆ.

ಮೂರನೇ ನಿಯೋಗ ಬಂದದ್ದು ಮೊದಲ ಮಹಾಯುದ್ಧದ ನಡುವೆ, 1916ರ ವಸಂತದಲ್ಲಿ. ಡೂಮಾದ ಉಪಾಧ್ಯಕ್ಷ ಅಲೆಕ್ಸಾಂಡರ್ ಪ್ರೊತೊಪೊಪೊವ್ ಅದರ ಮುಖಂಡ. ಮಿಲ್ಯುಕೊವ್, ಆಂದ್ರೆ ಶಿಂಗರ್ಯೊವ್ ಜೊತೆಗಿದ್ದರು. ಬ್ರಿಟನ್, ಫ್ರಾನ್ಸ್, ಇಟಲಿಗಳಲ್ಲಿ ಮಿತ್ರರಾಷ್ಟ್ರದ ಪ್ರತಿನಿಧಿಗಳಿಗೆ ಸಲ್ಲಬೇಕಾದ ಗೌರವ ಅವರಿಗೆ ಸಂದಿತು. ಆದರೆ ಮರಳುವ ದಾರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ಪ್ರೊತೊಪೊಪೊವ್ ಜರ್ಮನಿಯ ಬ್ಯಾಂಕರ್ ಫ್ರಿಟ್ಜ್ ವಾರ್‌ಬರ್ಗ್‌ನೊಡನೆ ಮಾತಾಡಿದ್ದು ಬಯಲಾಗಿ, ಶತ್ರುವಿನೊಡನೆ ಸಂಧಾನದ ಅನುಮಾನ ಎದ್ದಿತು. ಸೆಪ್ಟೆಂಬರ್ ಕೊನೆಗೆ ಝಾರ್ ಪ್ರೊತೊಪೊಪೊವ್ ಅವರನ್ನೇ ಒಳಾಡಳಿತದ ಹೊಣೆಗೆ ನೇಮಿಸಿದ. ನವೆಂಬರ್ 14ರಂದು ಮಿಲ್ಯುಕೊವ್ ಡೂಮಾದಲ್ಲಿ ಸರ್ಕಾರದ ಒಂದೊಂದೇ ಕೃತ್ಯವನ್ನು ಎತ್ತಿ, ಇದು ಮೂರ್ಖತನವೋ ದ್ರೋಹವೋ ಎಂದು ಕೇಳಿದರು. ವಸಂತದಲ್ಲಿ ಒಂದೇ ನಿಯೋಗದಲ್ಲಿ ಓಡಾಡಿದವರು ಚಳಿಗಾಲ ಕಾಲಿಡುವಾಗ ಎದುರಾಳಿಗಳಾಗಿದ್ದರು.

1917ರ ಕ್ರಾಂತಿಯ ನಂತರ ಮಿಲ್ಯುಕೊವ್ ವಿದೇಶಾಂಗ ಮಂತ್ರಿಯಾದರು, ಗುಚ್ಕೊವ್ ಯುದ್ಧ ಮಂತ್ರಿ, ಶಿಂಗರ್ಯೊವ್ ಕೃಷಿ ಮಂತ್ರಿ. ಆ ಅಧಿಕಾರ ವರ್ಷವೂ ಬಾಳಲಿಲ್ಲ; ಬೊಲ್ಶೆವಿಕರು ಅದನ್ನು ಕಿತ್ತುಕೊಂಡರು. 1918ರ ಜನವರಿಯಲ್ಲಿ ಸಂವಿಧಾನ ಸಭೆ ಒಂದೇ ಒಂದು ಅಧಿವೇಶನ ನಡೆಸಿ ಮುಚ್ಚಿಹೋಯಿತು. ಅದರ ಬೆನ್ನಲ್ಲೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದ ಶಿಂಗರ್ಯೊವ್ ಅವರನ್ನು ನಾವಿಕರು ಕೊಂದರು. ಪ್ರೊತೊಪೊಪೊವ್ ಅದೇ ವರ್ಷ ಬೊಲ್ಶೆವಿಕರ ಗುಂಡಿಗೆ ಬಲಿಯಾದರು.

ವಿದೇಶದ ಸಂಸತ್ತಿನ ಮನ್ನಣೆ ಡೂಮಾಕ್ಕೆ ಗೌರವ ತಂದಿತು, ರಕ್ಷಣೆ ತರಲಿಲ್ಲ. ಆದರೂ ಈ ಭೇಟಿಗಳ ಪದ್ಧತಿ ಉಳಿದುಕೊಂಡಿತು. 1984ರ ಡಿಸೆಂಬರ್‌ನಲ್ಲಿ ಮಿಖಾಯಿಲ್ ಗೊರ್ಬಚೆವ್ ಬ್ರಿಟನ್ನಿಗೆ ಬಂದದ್ದು ಸೋವಿಯತ್ ಸಂಸದೀಯ ನಿಯೋಗದ ನಾಯಕರಾಗಿ. ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರನ್ನು ಕಂಡು, ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಸಂಸದರ ಮುಂದೆ ಮಾತಾಡಿದರು. ಆಗ ಅವರ ಹಿಂದಿದ್ದ ಸುಪ್ರೀಂ ಸೋವಿಯತ್‌ನಲ್ಲಿ ವಿರೋಧ ಪಕ್ಷವೇ ಇರಲಿಲ್ಲ. ಒಂದಕ್ಕಿಂತ ಹೆಚ್ಚು ಅಭ್ಯರ್ಥಿಗಳು ಎದುರುಬದುರಾದ ರಾಷ್ಟ್ರಮಟ್ಟದ ಚುನಾವಣೆ ಆ ದೇಶದಲ್ಲಿ ಮತ್ತೆ ನಡೆದದ್ದು 1989ರ ಮಾರ್ಚ್‌ನಲ್ಲಿ.